ಮೊದಲು ಹುಣ್ಣಿಮೆ ನೋಡಿ, ಆಮೇಲೆ ಟಿಕೆಟ್ಟು

ಯೂರೋಪಿನಲ್ಲಿ ಓದುವ ಮಕ್ಕಳನ್ನು ನೋಡಲು ಹೋಗುವ ತಂದೆತಾಯಿಯರು ಎರಡು ದಿನ ಬಿಡುವಿದ್ದರೆ ಸ್ಪೇನಿನ ಉತ್ತರದ ಬಾಸ್ಕ್ ಸೀಮೆಗೆ ಹೋಗಿಬರಬಹುದು. ಆದರೆ ದಿನ ಗೊತ್ತುಮಾಡುವ ಮೊದಲು ಹುಣ್ಣಿಮೆ, ಅಮಾವಾಸ್ಯೆ ಎಂದೆಂಬುದನ್ನು ನೋಡಿಕೊಳ್ಳಿ.

ಕಾರಣವಿದೆ. ಸುಮಾಯಾ ಎಂಬ ಪುಟ್ಟ ಊರಿನ ಇಟ್ಸುರುನ್ ಕಡಲತೀರದಲ್ಲಿ ಸುಣ್ಣಕಲ್ಲು, ಜೇಡಿಕಲ್ಲಿನ ಪದರಗಳು ನಿಲ್ಲಿಸಿದ ಪುಸ್ತಕದ ಹಾಳೆಗಳಂತಿವೆ. ಸುಮಾರು 6 ಕೋಟಿ 60 ಲಕ್ಷ ವರ್ಷಗಳ ಹಿಂದೆ ಡೈನೋಸಾರುಗಳು ಅಳಿದ ಕಾಲದ ಗಡಿಯೂ ಅವುಗಳ ನಡುವೆಯೇ ಇದೆ. ಉಬ್ಬರದಲ್ಲಿ ಬಂಡೆಯ ಬುಡವೆಲ್ಲ ನೀರಿನಡಿ. ತುಂಬ ಮುಂದೆ ಹೋದವರಿಗೆ ಹಿಂದಿರುಗುವ ದಾರಿಯೇ ಮುಚ್ಚಿಹೋದೀತು! ಹುಣ್ಣಿಮೆ, ಅಮಾವಾಸ್ಯೆಗಳ ಆಸುಪಾಸಿನಲ್ಲಿ ಸೂರ್ಯ ಚಂದ್ರರ ಸೆಳೆತ ಒಟ್ಟುಗೂಡಿ, ಇಳಿತದಲ್ಲಿ ನೀರು ಬಹಳ ಹಿಂದೆ ಸರಿಯುತ್ತದೆ. ಇಂದು 11 ಗಂಟೆಗೆ ಇಳಿತವಿದ್ದರೆ ನಾಳೆ ಸುಮಾರು 11-50ಕ್ಕೆ. ಸ್ಥಳೀಯ ಪಟ್ಟಿ ನೋಡಿ, ಗಂಟೆ ಮೊದಲೇ ತಲುಪಿ. ನೀರು ಏರತೊಡಗಿದೊಡನೆ ಹೊರಟುಬಿಡಿ.

ಡೊನೋಸ್ಟಿಯಾ ನಗರದಿಂದ ಸುಮಾಯಾಕ್ಕೆ ಮೀಟರ್‌ಗೇಜ್ ರೈಲಿದೆ. ಉಳಿದ ಹೊತ್ತಿಗೆ ಪಕ್ಕದ ಗೆಟಾರಿಯಾ. ಅಲ್ಲಿಗೆ ಬಸ್ಸೇ ಗತಿ. ಭೂಪ್ರದಕ್ಷಿಣೆಯ ಕೀರ್ತಿಯನ್ನೆಲ್ಲ ನಾವು ಮೆಗಲ್ಲನ್‌ಗೆ ಕೊಡುತ್ತೇವೆ. ಆತ 1521ರಲ್ಲೇ ಫಿಲಿಪ್ಪೀನ್ಸಿನಲ್ಲಿ ಸತ್ತ. 1522ರಲ್ಲಿ ಹಡಗನ್ನು ಮರಳಿ ತಂದ ಎಲ್ಕಾನೊ ಈ ಗೆಟಾರಿಯಾದವನು.

ಅಲ್ಲಿ ಮಳೆ ಜಾಸ್ತಿ. ಕೊಡೆಯ ಜತೆ, ಹಾವಸೆಯ ಮೇಲೆ ಜಾರದ ಬೂಟೂ ಇರಲಿ.