ಬಸಿರಿನ ಖಿನ್ನತೆ, ಬಾಣಂತಿಯ ರಕ್ಷೆ
ಕುಬಸದ ಹಸಿರು ಬಳೆಗಳ ಸಂಭ್ರಮದ ನಡುವೆಯೂ ನಿದ್ರಾಹಾರಗಳಿಗೆ ವಿಮುಖಳಾಗಿ, ಕಾರಣವರಿಯದೆ ಕಣ್ಣೀರಿಡುವ ಗರ್ಭಿಣಿಗೆ, ಲಕಮನಹಳ್ಳಿಯ ಮನೆಗಳಲ್ಲಾಗಲಿ ಧಾರವಾಡದ ಬೇರಾವ ಓಣಿಯಲ್ಲಾಗಲಿ, ‘ಹೆರಿಗೆಯಾದರೆ ಎಲ್ಲ ಸರಿಹೋದೀತು’ ಎಂದು ಹಿರಿಯರು ಹೇಳುವ ಸಾಂತ್ವನವು ವಾತ್ಸಲ್ಯದಿಂದ ಹುಟ್ಟಿದ್ದಾದರೂ ಅಪಾಯಕಾರಿಯಾದುದು. ಏಕೆಂದರೆ ಬಸಿರಿನಲ್ಲಿ ತಲೆದೋರಿದ ಖಿನ್ನತೆಯು ಪ್ರಸವೋತ್ತರ ಖಿನ್ನತೆಯ ಅತಿ ಪ್ರಬಲ ಪೂರ್ವಸೂಚನೆಗಳಲ್ಲೊಂದು. ವ್ಯಾಧಿಯು ಸೌಮ್ಯವಾಗಿದ್ದಲ್ಲಿ ಆಪ್ತಸಮಾಲೋಚನೆಯೇ ಸಾಕಾದೀತು. ತೀವ್ರವಾದೊಡೆ ಅಥವಾ ಹಿಂದೆಯೂ ಮರುಕಳಿಸಿದ್ದೊಡೆ, ಎದೆಹಾಲಿಗೆ ಅತ್ಯಲ್ಪ ಪ್ರಮಾಣದಲ್ಲಿ ಮಾತ್ರ ಸೇರುವ ಸರ್ಟ್ರಾಲಿನ್‌ನಂತಹ ಔಷಧವನ್ನು ವೈದ್ಯರ ಅವೇಕ್ಷಣೆಯಲ್ಲಿ ಗರ್ಭಾವಸ್ಥೆಯಲ್ಲಿಯೇ ಆರಂಭಿಸಿ ಬಾಣಂತಿತನದಲ್ಲಿಯೂ ಮುಂದುವರಿಸುವುದು ಉಚಿತ. ಕೂಸಿಗೆ ಕೇಡಾದೀತೆಂಬ ಭಯದಿಂದ, ಯಾರನ್ನೂ ಕೇಳದೆ, ಗುಳಿಗೆಯನ್ನು ಥಟ್ಟನೆ ನಿಲ್ಲಿಸುವವರನ್ನು ನೆನೆದು ನನ್ನ ಮನಸ್ಸು ಕಳವಳಗೊಳ್ಳುತ್ತದೆ. ಚಿಕಿತ್ಸೆ ಕಾಣದ ಖಿನ್ನತೆಗೂ ಅಕಾಲ ಪ್ರಸವಕ್ಕೂ ಸಂಬಂಧವುಂಟೆಂಬುದನ್ನು ಅವರಿಗೆ ಹೇಳುವವರು ಬೇಕು. ನೆರವಿಗೆ ಧಾರವಾಡದಲ್ಲಿಯೇ ಡಿಮ್ಹಾನ್ಸ್ ಎಂಬ ಮಾನಸಿಕ ಆರೋಗ್ಯ ಸಂಸ್ಥೆಯಿದೆ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ 2009ರಿಂದ ತಾಯಿ-ಮಕ್ಕಳು ಒಟ್ಟಿಗಿದ್ದು ಚಿಕಿತ್ಸೆ ಪಡೆಯುವ ಘಟಕವಿದೆ. ಚಿಕಿತ್ಸೆಯಲ್ಲಿರುವ ತಾಯಿಯಿಂದ ಮೂರು ವರ್ಷದೊಳಗಿನ ಮಗುವನ್ನು ಸಾಮಾನ್ಯವಾಗಿ ಅಗಲಿಸಕೂಡದೆಂದು 2017ರ ಮಾನಸಿಕ ಆರೋಗ್ಯ ಆರೈಕೆ ಕಾಯಿದೆಯೇ ವಿಧಿಸಿದೆ. ರಕ್ತದೊತ್ತಡವನ್ನೂ ಹಿಮೋಗ್ಲೋಬಿನ್ನನ್ನೂ ಅಳೆಯುವ ಪ್ರತಿ ತಪಾಸಣೆಯಲ್ಲಿ, ಖಿನ್ನತೆಯನ್ನು ಗುರುತಿಸಲೆಂದು 1987ರಲ್ಲಿ ಪ್ರಕಟಗೊಂಡ ಎಡಿನ್‌ಬರೋ ಮಾಪಕದ ಹತ್ತು ಪ್ರಶ್ನೆಗಳನ್ನು ಕನ್ನಡದಲ್ಲಿ ಕೇಳಲು ಕೆಲವೇ ನಿಮಿಷಗಳು ಸಾಕು.