ಬಂದೂಕಿಗೂ ಒಂದು ಪಾಲಿಸಿ ಬೇಕೆ?

ಟೆಕ್ಸಾಸಿನಲ್ಲಿರುವ ನಮ್ಮ ಅತ್ತೆ ಮಗ ಈ ಸಲ ರಜೆಗೆ ಬಂದವನು ಚಿಕ್ಕಪ್ಪನ ತಲೆಗೆ ಒಂದು ಹುಳ ಬಿಟ್ಟು ಹೋಗಿದ್ದಾನೆ. ಚಿಕ್ಕಪ್ಪ ಇರೋದು ದೊಡ್ಡಬಳ್ಳಾಪುರ ತಾಲೂಕಿನ ಸಾಸಲು ಹೋಬಳಿಯಲ್ಲಿ. ಮುಸುಕಿನ ಜೋಳ, ರಾಗಿ, ಒಂದಿಷ್ಟು ಕಡಲೆಕಾಯಿ. ಹಂದಿ ಕಾಟಕ್ಕೆ ಅಂತ ಮನೆಯಲ್ಲಿ ಒಂದು ಹಳೇ ಬಂದೂಕಿದೆ, ಬಾಯಿಂದ ಮದ್ದು ತುಂಬುವಂಥದ್ದು. ಲೈಸೆನ್ಸೂ ಇದೆ. ಅದನ್ನು ನೋಡಿ ಇವನು, "ಮಾವ, ಅಲ್ಲಿ ಗನ್ ಇಟ್ಕೊಂಡಿರೋ ನಾವೆಲ್ಲ ತಿಂಗಳಾ ತಿಂಗಳಾ ದುಡ್ಡು ಕಟ್ತೀವಿ. ಆತ್ಮರಕ್ಷಣೆಗೆ ಅಂತ ಗುಂಡು ಹಾರಿಸಿ ಕೇಸಾದ್ರೆ ಲಾಯರ್ ಖರ್ಚೆಲ್ಲ ಕಂಪನಿಯವರದ್ದೇ. ನಿಮಗೂ ಇಂಥದ್ದೊಂದು ಇರಬೇಕು" ಅಂದ.

ಚಿಕ್ಕಪ್ಪ ಬೀಡಿ ಆರಿಸಿ, "ಹಾರಿಸಿದ ಮೇಲೆ ಬರೋ ಲಾಯರು ಹಾರಿಸೋಕೆ ಮುಂಚೆ ಬರ್ತಾನೇನಪ್ಪ?" ಅಂದರು. ಎಲ್ಲರೂ ನಕ್ಕೆವು.

ಆದರೆ ಅವನು ವಿಮಾನ ಹತ್ತಿದ ಮೇಲೆ ಚಿಕ್ಕಪ್ಪ ನನ್ನನ್ನು ಪಕ್ಕಕ್ಕೆ ಕರೆದು ಅದನ್ನೇ ಗಂಭೀರವಾಗಿ ಕೇಳಿದರು. ಅವರ ಭಯ ಸುಳ್ಳಲ್ಲ. 2024ರ ನವೆಂಬರಿನಲ್ಲಿ ನೆಲಮಂಗಲ ತಾಲೂಕಿನ ಶಿವಗಂಗೆ ಬೆಟ್ಟದ ಕಡೆ ಹುಲ್ಲು ತರಲು ಹೋದ ಹೆಂಗಸೊಬ್ಬರನ್ನು ಚಿರತೆ ಕೊಂದು ಹಾಕಿತು. ಇನ್ನು ಎರಡು ಕಾಲಿನ ಪ್ರಾಣಿಗಳ ವಿಷಯ ಬೇರೆಯೇ. 2008ರಲ್ಲಿ ದೇವನಹಳ್ಳಿಗೆ ಏರ್‌ಪೋರ್ಟ್ ಬಂದಾಗಿನಿಂದ ಈ ಕಡೆ ಬದುವಿನ ಒಂದು ಗೇಣಿಗೂ ಬೆಲೆ ಬಂದಿದೆ. ತೋಟದ ಮನೆಯಲ್ಲಿ ಒಂಟಿಯಾಗಿ ಮಲಗುವ ವಯಸ್ಸಾದವರಿಗೆ ರಾತ್ರಿ ನಾಯಿ ಬೊಗಳಿದರೆ ನಿದ್ದೆ ಬರೋದಿಲ್ಲ.

ಅದಕ್ಕೇ ಕೂತು ಒಂದಿಷ್ಟು ಓದಿದೆ. ನನ್ನ ಅಭಿಪ್ರಾಯ ಮೊದಲೇ ಹೇಳಿಬಿಡ್ತೀನಿ: ಇಂಥ ಪಾಲಿಸಿಯನ್ನು ನಾಳೆ ಯಾರಾದರೂ ಮನೆ ಬಾಗಿಲಿಗೇ ತಂದರೂ ನಮ್ಮ ರೈತರು ಕೊಳ್ಳಬಾರದು.

ಮೊದಲನೆಯದಾಗಿ ಅಲ್ಲಿಯ ಕಾನೂನೇ ಬೇರೆ. ಅಮೆರಿಕದಲ್ಲಿ ಆತ್ಮರಕ್ಷಣೆ ಅಂತ ಒಬ್ಬ ಆಧಾರ ತೋರಿಸಿ ವಾದ ಎತ್ತಿದರೆ, ಅದು ಸುಳ್ಳು ಅಂತ ಸಾಬೀತು ಮಾಡುವ ಹೊರೆ ಸರ್ಕಾರಿ ವಕೀಲರದು. ನಮ್ಮಲ್ಲಿ ಆ ಹೊರೆ ಆರೋಪಿಯ ತಲೆ ಮೇಲೆ. (ಹಳೆಯ ಸಾಕ್ಷ್ಯ ಕಾಯ್ದೆಯ 105ನೇ ಕಲಂ, 2024ರ ಜುಲೈಯಿಂದ ಹೊಸ ಅಧಿನಿಯಮದ 108.) ಸಂಶಯಕ್ಕೆ ಎಡೆಯಿಲ್ಲದಂತೆ ಸಾಬೀತು ಮಾಡಬೇಕಿಲ್ಲ, ಹೀಗೇ ಆಗಿರಬಹುದು ಅಂತ ನ್ಯಾಯಾಧೀಶರಿಗೆ ಅನ್ನಿಸಿದರೆ ಸಾಕು. ಆದರೂ ಹೊರೆ ಹೊರೆಯೇ. ಭಾರತೀಯ ನ್ಯಾಯ ಸಂಹಿತೆಯಲ್ಲಿ 34ರಿಂದ 44ರವರೆಗಿನ ಕಲಮುಗಳು ಈ ಹಕ್ಕನ್ನು ಕೊಡುತ್ತವೆ, ನಿಜ. ಪೊಲೀಸರನ್ನು ಕರೆಯಲು ಸಮಯವಿದ್ದರೆ ಆ ಹಕ್ಕೇ ಇಲ್ಲ, ಅಗತ್ಯಕ್ಕಿಂತ ಹೆಚ್ಚು ಹಾನಿ ಮಾಡಬಾರದು ಅಂತ 37ನೇ ಕಲಂ ಕಟ್ಟುನಿಟ್ಟಾಗಿ ಹೇಳುತ್ತದೆ. ಬದು ಒತ್ತಿದ್ದಕ್ಕೆ, ಪೈಪು ಕದ್ದಿದ್ದಕ್ಕೆ ಗುಂಡು ಹಾರಿಸಿದವನನ್ನು ಯಾವ ವಕೀಲರೂ ಈ ಕಲಮುಗಳಿಂದ ಕಾಪಾಡಲಾರರು.

ಎರಡನೆಯದು ಚಿಕ್ಕಪ್ಪನ ಲೈಸೆನ್ಸು. 1959ರ ಶಸ್ತ್ರಾಸ್ತ್ರ ಕಾಯ್ದೆಯ 13ನೇ ಕಲಮಿನಲ್ಲಿ ಬಾಯಿಂದ ಮದ್ದು ತುಂಬುವ ಬಂದೂಕು ಬೆಳೆ ರಕ್ಷಣೆಗೆ, ಇಪ್ಪತ್ತು ಇಂಚಿಗೆ ಕಡಿಮೆಯಿಲ್ಲದ ನಳಿಗೆಯ ನಯವಾದ ಕೊಳವೆಯ ಬಂದೂಕು ರಕ್ಷಣೆಗೆ ಅಥವಾ ಕ್ರೀಡೆಗೆ ಅಂತ ಬೇರೆ ಬೇರೆಯಾಗಿಯೇ ಬರೆದಿದೆ. ಪ್ರಾಣ ಹೋಗುವ ಹೊತ್ತಿನಲ್ಲಿ ಕೈಗೆ ಸಿಕ್ಕಿದ್ದನ್ನು ಬಳಸಿದರೆ ಆತ್ಮರಕ್ಷಣೆಯ ಹಕ್ಕು ಹೋಗೋದಿಲ್ಲ. ಆದರೆ ಲೈಸೆನ್ಸಿನ ಷರತ್ತು ಮುರಿದರೆ 30ನೇ ಕಲಮಿನಲ್ಲಿ ಆರು ತಿಂಗಳವರೆಗೆ ಜೈಲಿದೆ. ಷರತ್ತು ಮುರಿದಿದ್ದೀರಿ ಅಂತ ಕೈ ತೊಳೆದುಕೊಳ್ಳಲು ಪಾಲಿಸಿ ಬರೆದವರಿಗೆ ಇದಕ್ಕಿಂತ ಒಳ್ಳೆಯ ನೆಪ ಬೇಕೆ?

ಬೆಳೆ ರಕ್ಷಣೆ ಅಂದರೆ ಹಂದಿ ಹೊಡೆಯಬಹುದು ಅಂತಲೂ ಅಲ್ಲ. 1972ರ ವನ್ಯಜೀವಿ ಕಾಯ್ದೆಯ 11ನೇ ಕಲಮಿನ ಪ್ರಕಾರ ತನ್ನ ಅಥವಾ ಇನ್ನೊಬ್ಬರ ಪ್ರಾಣ ಉಳಿಸಲು ಸದ್ಭಾವನೆಯಿಂದ ಪ್ರಾಣಿಯನ್ನು ಕೊಂದರೆ ಅಪರಾಧವಲ್ಲ. ಬೆಳೆ ಉಳಿಸಲು ಕೊಲ್ಲಬೇಕಾದರೆ ಅರಣ್ಯ ಇಲಾಖೆಯ ಅನುಮತಿ ಬೇಕು. ಅಂದರೆ ನಮ್ಮ ಹೊಲಗಳಲ್ಲಿ ಬಂದೂಕಿನ ನಿಜವಾದ ಕೆಲಸ ಸದ್ದು ಮಾಡೋದು! ಜೋಳ ಹೋದರೆ ಇ-ಪರಿಹಾರದಲ್ಲಿ ಅರ್ಜಿ ಹಾಕೋದು. ಇದಕ್ಕೆಂಥ ಪಾಲಿಸಿ?

ಇನ್ನೊಂದು ತಮಾಷೆ ನೋಡಿ. ಚುನಾವಣೆ ಬಂತೆಂದರೆ ಬಂದೂಕು ಠಾಣೆಗೆ ಹೋಗಿ ಕೂರುತ್ತದೆ. ಲೋಕಸಭೆ, ವಿಧಾನಸಭೆ, ಪಂಚಾಯಿತಿ... ಬಂದೂಕು ಠಾಣೆಯಲ್ಲಿ ಮಲಗಿರುವ ತಿಂಗಳುಗಳಿಗೂ ನಾವು ಕಂತು ಕಟ್ಟುತ್ತಿರಬೇಕು :)

ನನ್ನನ್ನು ನಿಜವಾಗಿ ಯೋಚನೆಗೆ ಹಚ್ಚಿದ್ದು ಪಂಜಾಬಿನ ಒಂದು ಪ್ರಕರಣ, ದರ್ಶನ್ ಸಿಂಗ್ ವಿರುದ್ಧ ಪಂಜಾಬ್ ರಾಜ್ಯ. ಜಮೀನಿನ ಜಗಳ. 1991ರ ಜುಲೈ. ಎದುರಾಳಿ ಅಪ್ಪನ ತಲೆಗೆ ಗಂಡಾಸಿಯಿಂದ ಹೊಡೆದ, ಮಗ ಲೈಸೆನ್ಸಿದ್ದ ಬಂದೂಕಿನಿಂದ ಗುಂಡು ಹಾರಿಸಿದ, ಆ ಮನುಷ್ಯ ಸತ್ತ. ಕೆಳಗಿನ ಕೋರ್ಟು ಆತ್ಮರಕ್ಷಣೆ ಅಂತ ಬಿಟ್ಟಿತು. ಹೈಕೋರ್ಟು ಶಿಕ್ಷೆ ಕೊಟ್ಟಿತು. ಸುಪ್ರೀಂ ಕೋರ್ಟು 2010ರ ಜನವರಿಯಲ್ಲಿ ಮತ್ತೆ ಬಿಟ್ಟಿತು. ಆತ್ಮರಕ್ಷಣೆಯ ಹಕ್ಕಿನ ಬಗ್ಗೆ ಇವತ್ತಿಗೂ ವಕೀಲರು ಉದಾಹರಿಸುವ ತೀರ್ಪು ಅದು. ಗೆದ್ದದ್ದು ಸರಿ, ಆದರೆ ಹದಿನೆಂಟೂವರೆ ವರ್ಷ! ವರ್ಷಕ್ಕೊಮ್ಮೆ ನವೀಕರಿಸುವ ಪಾಲಿಸಿ ಹದಿನೆಂಟು ವರ್ಷದ ವಾಯಿದೆಗಳಿಗೆ ಜೊತೆಗಿರುತ್ತದೆ ಅಂತ ನನಗೆ ನಂಬಿಕೆಯಿಲ್ಲ. ವಾಯಿದೆಗೆ ಹೋದ ದಿನ ಹಾಳಾದ ಕೂಲಿ, ಮಗಳ ಮದುವೆಗೆ ಬಂದ ಸಂಬಂಧ ತಿರುಗಿ ಹೋಗಿದ್ದು, ಇದನ್ನೆಲ್ಲ ಯಾವ ಕಂಪನಿ ತುಂಬಿಕೊಡುತ್ತದೆ?

ಇನ್ನು ಅಮೆರಿಕದಲ್ಲೂ ಇದು ಒಪ್ಪಿತವಾದ ವಸ್ತುವೇನಲ್ಲ. ಅಲ್ಲಿಯ ರೈಫಲ್ ಸಂಘದ 'ಕ್ಯಾರಿ ಗಾರ್ಡ್' ಎಂಬ ಪಾಲಿಸಿಯನ್ನು ವಿರೋಧಿಗಳು 'ಕೊಲೆ ವಿಮೆ' ಅಂತಲೇ ಕರೆದರು. ಅದನ್ನು ನಡೆಸುತ್ತಿದ್ದ ಲಾಕ್ಟನ್ ಕಂಪನಿ 2018ರಲ್ಲಿ ನ್ಯೂಯಾರ್ಕಿಗೆ 70 ಲಕ್ಷ ಡಾಲರ್ ದಂಡ ಕಟ್ಟಿತು. 2020ರಲ್ಲಿ ಸಂಘವೂ 25 ಲಕ್ಷ ಡಾಲರ್ ಕಟ್ಟಿತು. 'ಕೊಲೆ ವಿಮೆ' ಅನ್ನೋದು ಸ್ವಲ್ಪ ಅತಿಯಾಯಿತು ಅಂತ ನನಗೂ ಅನ್ನಿಸುತ್ತದೆ. ಕಾರಿಗೆ ವಿಮೆ ಮಾಡಿಸಿದವರೆಲ್ಲ ಗುದ್ದಲು ಹೊರಡೋದಿಲ್ಲ. ಆದರೂ ನಮ್ಮೂರಿನ ಬದುವಿನ ಜಗಳಗಳನ್ನು ನೋಡಿದವನಾಗಿ ಹೇಳ್ತೀನಿ, "ನನ್ನ ಹಿಂದೆ ಲಾಯರಿದ್ದಾರೆ" ಅನ್ನೋ ಧೈರ್ಯ ಕುಡಿದ ಧೈರ್ಯಕ್ಕಿಂತ ಅಪಾಯ. ಕೋರ್ಟಿನಲ್ಲಿ "ಇವರು ಮೊದಲೇ ಪಾಲಿಸಿ ಮಾಡಿಸಿಕೊಂಡು ಕಾಯುತ್ತಿದ್ದರು ಸ್ವಾಮೀ" ಅನ್ನದೆ ಸರ್ಕಾರಿ ವಕೀಲರು ಬಿಟ್ಟಾರೆಯೆ?

ಹಾಗಂತ ಅತ್ತೆ ಮಗ ಹೇಳಿದ್ದರಲ್ಲಿ ಹುರುಳೇ ಇಲ್ಲ ಅನ್ನಲಾರೆ. 1987ರ ಕಾನೂನು ಸೇವಾ ಪ್ರಾಧಿಕಾರಗಳ ಕಾಯ್ದೆಯ 12ನೇ ಕಲಮಿನಲ್ಲಿ ಮಹಿಳೆಯರಿಗೆ, ಪರಿಶಿಷ್ಟ ಜಾತಿ ಪಂಗಡದವರಿಗೆ, ಕಡಿಮೆ ಆದಾಯದವರಿಗೆ, ಬಂಧನದಲ್ಲಿರುವ ಯಾರಿಗೇ ಆದರೂ ಉಚಿತ ವಕೀಲರು ಸಿಗುತ್ತಾರೆ. 15100ಕ್ಕೆ ಫೋನ್ ಮಾಡಿದರೆ ಸಾಕು. ಆದರೆ ನಾಲ್ಕೈದು ಎಕರೆಯ ನಮ್ಮ ಚಿಕ್ಕಪ್ಪನಂಥ ಗಂಡಸು ಜಾಮೀನಿನ ಮೇಲೆ ಹೊರಗೆ ಬಂದ ದಿನ ಬಂಧನದ ಲೆಕ್ಕದಿಂದ ಹೊರಗೆ, ಆದಾಯದ ಲೆಕ್ಕದಲ್ಲಿ ಬಡವನೂ ಅಲ್ಲ. ಅಲ್ಲಿಂದ ಮುಂದಿನ ವರ್ಷಗಳಿಗೆ ಅವನು ಮಾರೋದು ಜಮೀನನ್ನೇ. ಯಾವ ಜಮೀನು ಕಾಯಲು ಬಂದೂಕು ಹಿಡಿದನೋ ಅದನ್ನೇ!

ಈ ಸಂದಿಯನ್ನು ತುಂಬಬೇಕಾದ್ದು ಕಂಪನಿಯಲ್ಲ ಅಂತ ನನ್ನ ವಾದ. ವಕೀಲರು ತಮ್ಮ ಸಂಭಾವನೆಯನ್ನು ವಕೀಲರಲ್ಲದವರ ಜೊತೆ ಹಂಚಿಕೊಳ್ಳುವಂತಿಲ್ಲ ಅಂತ ಬಾರ್ ಕೌನ್ಸಿಲಿನ ನಿಯಮವೇ ಇದೆ. ಅದಕ್ಕೆ ಕಾರಣವೂ ಇದೆ, ವಕೀಲರಿಗೆ ಕಕ್ಷಿದಾರನೇ ಯಜಮಾನನಾಗಿರಬೇಕು, ಕಂತು ವಸೂಲಿ ಮಾಡುವವನಲ್ಲ. ಅದರ ಬದಲು ಡೇರಿ ಸಂಘದ ಹಾಗೆ ಊರಿನವರೇ ಒಂದು ನಿಧಿ ಮಾಡಬಹುದು. ಬರೀ ಬಂದೂಕಿಗಲ್ಲ, ಸದಸ್ಯರ ಮೇಲೆ ಬೀಳುವ ಯಾವ ಕೇಸಿಗಾದರೂ. ನಿಜವಾಗಿ ಪ್ರಾಣಭಯಕ್ಕೆ ಹಾರಿಸಿದನೋ ಹಳೇ ಹಗೆಗೆ ಹಾರಿಸಿದನೋ ಅನ್ನೋದು ಊರಿಗೆ ಗೊತ್ತಿರುತ್ತದೆ. (ಊರಿನ ರಾಜಕೀಯ, ಜಾತಿ ಇದರಲ್ಲೂ ನುಗ್ಗುತ್ತವೆ, ಗೊತ್ತು. ಡೇರಿ ಸಂಘಗಳು ಅದರ ನಡುವೆಯೇ ನಡೆದುಕೊಂಡು ಬಂದಿಲ್ಲವೆ?)

ಸದ್ಯಕ್ಕೆ ಚಿಕ್ಕಪ್ಪನಿಗೆ ಹೇಳಿದ್ದಿಷ್ಟು. ದೊಡ್ಡಬಳ್ಳಾಪುರ ಕೋರ್ಟಿನಲ್ಲಿ ಪರಿಚಯದ ಒಬ್ಬರು ವಕೀಲರ ನಂಬರ್ ಫೋನಿನಲ್ಲಿರಲಿ. ಲೈಸೆನ್ಸಿನ ಒಂದು ಜೆರಾಕ್ಸ್ ನನ್ನ ಹತ್ತಿರವೂ ಇರಲಿ. ಮದ್ದು ತುಂಬಿದ ಬಂದೂಕನ್ನು ತಲೆದಿಂಬಿನ ಪಕ್ಕ ಇಡಬೇಡಿ. ರಾತ್ರಿ ಏನೇ ಸದ್ದಾದರೂ ಮೊದಲು 112.

ಕೊಡಗಿನ ಬ್ಲಾಗಿಗರೇ, ನಿಮ್ಮಲ್ಲಿ ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ 2029ರ ಅಕ್ಟೋಬರ್‌ವರೆಗೆ ಲೈಸೆನ್ಸೇ ಬೇಡ ಅಂತ 2019ರಲ್ಲಿ ಕೇಂದ್ರ ಆದೇಶ ಮಾಡಿದೆ. ಮಲೆನಾಡಿನವರ ಮನೆಗಳಲ್ಲೂ ತೋಟದ ಕೋವಿಗಳಿವೆ. ನಿಮ್ಮ ಊರುಗಳಲ್ಲಿ ಕೋವಿಯ ಕೇಸಾದರೆ ಖರ್ಚಿಗೆ ಯಾರು ನಿಲ್ಲುತ್ತಾರೆ? ಮನೆತನವೋ, ಸಂಘವೋ, ಅಥವಾ ತೋಟ ಮಾರೋದೇನಾ? ಬರೆಯಿರಿ.