ಹೆಸರು ಬದಲಾದರೆ ಅಮಲು ಅಳಿಯುವುದೇ?

ಟಿ.ಎಂ.ಎ. ಎಂಬ ಹೆಸರನ್ನು ಮಂಡ್ಯ, ಮದ್ದೂರು, ಮಳವಳ್ಳಿಗಳ ನಮ್ಮ ಓದುಗರಲ್ಲಿ ಹೆಚ್ಚಿನವರು ಕೇಳಿರಲಾರರು. ಮೆಕ್ಸಿಕೋದ ಪೆಯೋಟಿ ಎಂಬ ಕಳ್ಳಿಗಿಡದಿಂದ ಜರ್ಮನಿಯ ಆರ್ಥರ್ ಹೆಫ್ಟರ್ 1897ರಲ್ಲಿ ಬೇರ್ಪಡಿಸಿದ ಭ್ರಾಂತಿಕಾರಕ ದ್ರವ್ಯ ಮೆಸ್ಕಲಿನ್. ಅದರ ರಾಸಾಯನಿಕ ರಚನೆಯನ್ನು ತುಸುವೇ ಬದಲಿಸಿ ಪ್ರಯೋಗಾಲಯದಲ್ಲಿ ತಯಾರಿಸಿದ ವಸ್ತುವೇ ಟಿ.ಎಂ.ಎ.; ಮೂಲಕ್ಕಿಂತಲೂ ಪ್ರಬಲವಾದುದು. ಅದು ನಮ್ಮ ಊರುಗಳಿಗೆ ಬಂದಿದೆಯೆಂದು ನಾವು ಹೇಳುತ್ತಿಲ್ಲ. ರಚನೆಯನ್ನು ಕೊಂಚ ತಿರುಚಿ ಹೊಸ ಹೆಸರಿನ ಅಮಲನ್ನು ಮಾರುವ ವಿದ್ಯೆ ಮಾತ್ರ ಹತ್ತಿರಕ್ಕೆ ಬಂದಾಗಿದೆ.

ಸರಕಾರದ ಕಾನೂನು ನಡೆಯುವುದು ಪಟ್ಟಿಯ ಆಧಾರದಲ್ಲಿ. 1985ರ ಮಾದಕ ವಸ್ತು ತಡೆ ಕಾಯ್ದೆಯ ಪಟ್ಟಿಯಲ್ಲಿ ಮೆಸ್ಕಲಿನ್ ಇದೆ, ಟಿ.ಎಂ.ಎ.ಯೂ ಇದೆ. ಆದರೆ ಇವುಗಳ ದೂರದ ಬಂಧುವಾದ, ಉತ್ತೇಜಕ ಗುಣದ ಮೆಫೆಡ್ರೋನ್ ಆ ಪಟ್ಟಿ ಸೇರಿದ್ದು 2015ರಲ್ಲಿ. ಅದೇ ಮೆಫೆಡ್ರೋನನ್ನು ತಯಾರಿಸುತ್ತಿದ್ದ ಘಟಕವೊಂದನ್ನು ಮೈಸೂರಿನಲ್ಲಿ ಪತ್ತೆಹಚ್ಚಿದ್ದಾಗಿ 2025ರ ಜುಲೈಯಲ್ಲಿ ಮುಂಬಯಿ ಪೊಲೀಸರು ಪ್ರಕಟಿಸಿದರು. ಮೈಸೂರಿನಿಂದ ಮಂಡ್ಯಕ್ಕೆ ಈಗ ಒಂದು ಗಂಟೆಯ ಹಾದಿಯೂ ಅಲ್ಲ.

"ಇದು ಶರಾಬಲ್ಲ, ವಾಸನೆಯೂ ಇಲ್ಲ, ಕುರ್‌ಆನಿನಲ್ಲಿ ಇದರ ಹೆಸರೆಲ್ಲಿದೆ?" ಎಂದು ವಾದಿಸುವ ಯುವಕನಿಗೆ ಏನು ಉತ್ತರ ಕೊಡಬೇಕು? ಬುದ್ಧಿಗೆ ತೆರೆ ಎಳೆಯುವುದೆಲ್ಲವೂ 'ಖಮ್ರ್' ಎಂದು ಹಝ್ರತ್ ಉಮರ್(ರ) ಮಿಂಬರಿನ ಮೇಲಿಂದಲೇ ವಿವರಿಸಿದ್ದರು. ಶರೀಅತ್ ಹೆಸರುಗಳ ಪಟ್ಟಿಗಾಗಿ ಕಾಯುವುದಿಲ್ಲ. ಅದು ನೋಡುವುದು ಪರಿಣಾಮವನ್ನು. ಜುಮಾ ಖುತ್ಬಾಗಳಲ್ಲಿ ಹೆಂಡ, ಸಾರಾಯಿಗಳಾಚೆಗೆ ಈ ಮಾತು ಕೇಳಿಬರುವುದು ಅಪರೂಪವೆಂಬುದು ವಿಷಾದಕರ.

ಆದರೆ ಹರಾಮೆಂದು ಸಾರಿ ಕೈತೊಳೆದುಕೊಂಡರೆ ಸಾಲದು. ಮಗ ದಾರಿ ತಪ್ಪಿದನೆಂದು ತಿಳಿದೊಡನೆ ನಮ್ಮ ಮನೆಗಳಲ್ಲಿ ಮೊದಲು ನಡೆಯುವುದು ಮುಚ್ಚಿಡುವ ಪ್ರಯತ್ನ. ಬದ್‌ನಾಮಿಯ ಭಯ! ಮಗಳ ನಿಕಾಹ್ ನಿಂತೀತೆಂಬ ಆತಂಕ! 2021ರಲ್ಲಿ ಕೇರಳದ ಪಾಲಾದ ಬಿಷಪರು 'ನಾರ್ಕೋಟಿಕ್ ಜಿಹಾದ್' ಎಂದು ಆಡಿದ ಮಾತಿನ ತರುವಾಯ ಈ ಭಯ ಇಮ್ಮಡಿಯಾಗಿದ್ದರೆ ಆಶ್ಚರ್ಯವಿಲ್ಲ. ಅಪರಾಧಿಯ ಧರ್ಮವನ್ನು ಇಡೀ ಸಮುದಾಯದ ತಲೆಗೆ ಕಟ್ಟುವ ರಾಜಕೀಯವನ್ನು ನಾವು ಖಂಡಿಸುತ್ತೇವೆ. ಅದನ್ನೇ ನೆಪವಾಗಿಸಿ ಮೊಹಲ್ಲಾದ ವ್ಯಾಪಾರಿಯ ಬಗ್ಗೆ ಬಾಯಿಮುಚ್ಚಿಕೊಳ್ಳುವುದನ್ನೂ ಖಂಡಿಸುತ್ತೇವೆ.

ವ್ಯಸನಿಯ ತಂದೆತಾಯಿಗಳಿಗೆ ತಿಳಿದಿರಬೇಕಾದುದೊಂದಿದೆ. ಸೇವನೆಯ ಅಥವಾ ಅಲ್ಪ ಪ್ರಮಾಣದ ಆರೋಪ ಹೊತ್ತ ವ್ಯಸನಿಯು ಸ್ವ-ಇಚ್ಛೆಯಿಂದ ಸರಕಾರಿ ಅಥವಾ ಮಾನ್ಯತೆ ಪಡೆದ ಆಸ್ಪತ್ರೆಯಲ್ಲಿ ಚಿಕಿತ್ಸೆ ಪಡೆದು ಪೂರ್ಣಗೊಳಿಸಿದರೆ, ಅದೇ ಕಾಯ್ದೆಯ 64ಎ ಕಲಮು ಅವನಿಗೆ ಮೊಕದ್ದಮೆಯಿಂದ ರಕ್ಷಣೆ ನೀಡುತ್ತದೆ. ಮಾರುವವನಿಗೆ ಆ ಬಾಗಿಲಿಲ್ಲ. ಮಂಡ್ಯದಲ್ಲಿಯೇ ಸರಕಾರಿ ವೈದ್ಯಕೀಯ ಕಾಲೇಜು ಆಸ್ಪತ್ರೆಯಿದೆ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ವ್ಯಸನ ಚಿಕಿತ್ಸೆಗೆಂದೇ ಪ್ರತ್ಯೇಕ ಕೇಂದ್ರವಿದೆ. ವ್ಯಸನಮುಕ್ತಿಯ ರಾಷ್ಟ್ರೀಯ ಸಹಾಯವಾಣಿಯ ಸಂಖ್ಯೆ 14446. ನಮಾಝಿನ ವೇಳಾಪಟ್ಟಿ ತೂಗುವ ಫಲಕದಲ್ಲಿ ಈ ಐದು ಅಂಕಿಗಳನ್ನೂ ಬರೆಸಲು ಮೂರೂ ಊರುಗಳ ಮುತವಲ್ಲಿಗಳು ಬರುವ ಶುಕ್ರವಾರದವರೆಗೂ ಕಾಯಬೇಕಾಗಿಲ್ಲ.